ಒಂದು ಹಕ್ಕಿ ಬಾಕಿ

ಎಲ್ಲ ಶುರುವಾದದ್ದು ರಜೆ ಅರ್ಜಿಯ ಆರನೆಯ ಕಲಮಿನಿಂದ. 'ರಜೆಗೆ ಕಾರಣ' ಎಂದು ಅಚ್ಚಾಗಿದ್ದ ಅದರ ಮುಂದೆ ಎರಡು ಬೆರಳಗಲ ಜಾಗವಿತ್ತು. ಹೋದ ವರ್ಷ ಆ ಜಾಗದಲ್ಲಿ ಅವನು 'ನಿದ್ದೆ' ಎಂದು ಬರೆದಿದ್ದ. ಮೂರೇ ದಿನದಲ್ಲಿ ಅರ್ಜಿ ಕೆಂಪು ಶಾಯಿಯ ಷರಾ ಹೊತ್ತು ವಾಪಸು ಬಂದಿತ್ತು: 'ಕಚೇರಿಯಲ್ಲಿ ಮಾಡುತ್ತಿರುವುದು ಸಾಲದೇ? ವಿವರಣೆ ಸಲ್ಲಿಸಿ.' ಅದರ ಹಿಂದಿನ ವರ್ಷ 'ವಿಶ್ರಾಂತಿ' ಎಂದು ಬರೆದಿದ್ದಕ್ಕೆ ವೈದ್ಯರ ಸರ್ಟಿಫಿಕೇಟು ಕೇಳಿದ್ದರು.

ವಸಂತದಲ್ಲಿ ಕಚೇರಿಗೆ ನಾಲ್ಕು ದಿನ ಬೀಗ. ಆದರೂ ಟಪಾಲು ತೆಗೆದುಕೊಳ್ಳಲು ಒಬ್ಬ ಕೂತಿರಬೇಕು. ಗಟ್ಟಿಯಾದ ಕಾರಣ ಇಲ್ಲದವನೇ ಆ ಒಬ್ಬ. ಏಳು ವರ್ಷದಿಂದ ಅದು ಇವನೇ. ಬಂದ ಕಾಗದಕ್ಕೆಲ್ಲ ಮೊಹರು ಹಾಕಿ ನಂಬರು ಕೊಡುವ ಆವಕದ ಮೇಜಿನಲ್ಲಿ ಕೂತು ಕೂತು ಅವನ ಹೆಸರೇ 'ಆವಕ' ಎಂದಾಗಿತ್ತು.

ಈ ವರ್ಷ ಅವನಿಗೆ ನಿದ್ದೆ ಬೇಕೆನ್ನುವುದು ಆಸೆಯಾಗಿ ಉಳಿದಿರಲಿಲ್ಲ, ಕಾಯಿಲೆಯಾಗಿತ್ತು. ಮನೆಯಲ್ಲಿ ಹನ್ನೊಂದು ತಿಂಗಳ ಅವಳಿ ಮಕ್ಕಳು. ಒಂದು ಮಲಗಿದರೆ ಇನ್ನೊಂದು ಪಾಳಿ ಬದಲಾಯಿಸಿದ ಹಾಗೆ ಏಳುತ್ತಿತ್ತು. ರಜೆಗೆ ಹೆಂಡತಿ ಮಕ್ಕಳೊಂದಿಗೆ ತವರಿಗೆ ಹೊರಟಿದ್ದಳು.

"ಅಮ್ಮ ಮಕ್ಕಳನ್ನ ಎತ್ಕೋತಾಳೆ, ನಾನು ಮಲಗ್ತೀನಿ. ನೀವು ಇಲ್ಲಿ ಮಲಗಿ," ಎಂದಳು. "ನಾಲ್ಕು ದಿನ ನಾವಿಬ್ರೂ ಸತ್ತೋಗಿದ್ದೀವಿ ಅಂದ್ಕೊಳ್ಳಿ. ಫೋನು ಗೀನು ಬೇಡ."

ಮದುವೆಯಾದ ಮೇಲೆ ಅವಳು ಆಡಿದ ಅತ್ಯಂತ ಪ್ರೀತಿಯ ಮಾತು ಇದೇ ಎಂದು ಅವನಿಗೆ ಅನ್ನಿಸಿತ್ತು.

ಹೀಗಾಗಿ ಆರನೆಯ ಕಲಮಿನ ಮುಂದೆ ಪೆನ್ನು ಹಿಡಿದು ಕೂತವನು ತಲೆಯೆತ್ತಿ ನೋಡಿದ. ಎದುರಿನ ಕ್ಯಾಲೆಂಡರಿನಲ್ಲಿ ಯಾವುದೋ ಬೆಟ್ಟದ ಬಯಲು, ಅದರ ಮೇಲೊಂದು ಹಕ್ಕಿ. 'ಪಕ್ಷಿ ವೀಕ್ಷಣೆ' ಎಂದು ಬರೆದ. ಎರಡು ಬೆರಳಗಲದಲ್ಲಿ ಚೆನ್ನಾಗಿ ಹಿಡಿಸಿತು.

ರಜೆ ಮಂಜೂರಾಯಿತು! ಅವತ್ತೇ ಸಂಜೆ ಹೊಸ ದಿಂಬೊಂದನ್ನು ಕೊಂಡು, ಪ್ಲಾಸ್ಟಿಕ್ ಕವರು ಕೂಡ ತೆಗೆಯದೆ ಮಂಚದ ತಲೆಭಾಗದಲ್ಲಿಟ್ಟ.

ಮಾರನೆಯ ದಿನ ಸಾಹೇಬರು ಒಳಗೆ ಕರೆದರು.

"ಏನ್ರೀ ಆವಕ, ನಿಮ್ಮೊಳಗೆ ಇಂಥಾದ್ದೊಂದು ಇದೆ ಅಂತ ಗೊತ್ತೇ ಇರಲಿಲ್ಲ! ನೋಡಿ, ಮೇಲಿನ ಕಚೇರಿಯಿಂದ ಸುತ್ತೋಲೆ ಬಂದು ತಿಂಗಳಾಯ್ತು. ಬೆಟ್ಟದ ಮೇಲಿನ ಹುಲ್ಲುಬಯಲಲ್ಲಿ ವಸಂತದ ಪಕ್ಷಿ ಗಣತಿ, ಪ್ರತಿ ಕಚೇರಿಯಿಂದ ಒಂದು ತಂಡ. ಯಾರನ್ನ ಕೇಳಿದ್ರೂ ಮೊಣಕಾಲು ನೋವು. ಅಷ್ಟರಲ್ಲಿ ದೇವರ ಹಾಗೆ ನಿಮ್ಮ ಅರ್ಜಿ ಬಂತು."

"ಸರ್, ಇಂಥ ಸುತ್ತೋಲೆ ನಾನು ನೋಡೇ ಇಲ್ಲ."

ಸಾಹೇಬರು ಕಾಗದ ತಿರುಗಿಸಿದರು. ಹಿಂದೆ ಆವಕದ ಮೊಹರು ತಲೆಕೆಳಗಾಗಿ ಬಿದ್ದಿತ್ತು. ಕೆಳಗೆ ಅವನದೇ ಸಹಿ, ತೂಕಡಿಕೆಯಲ್ಲಿ ಜಾರಿ ಕಾಗದದ ಅಂಚಿನವರೆಗೆ ಹೋಗಿತ್ತು.

ಕೋಲು ಕೊಟ್ಟು ಹೊಡೆಸಿಕೊಳ್ಳುವವರನ್ನು ಎಲ್ಲರೂ ಕಂಡಿದ್ದಾರೆ. ಇವನು ಕೋಲಿಗೆ ಮೊಹರು ಹಾಕಿ, ನಂಬರು ಕೊಟ್ಟು, ಒಳಗೆ ಕಳಿಸಿದ್ದ.

"ಹೆದರ್ಬೇಡ್ರೀ, ಒಂದೇ ದಿನ. ನಾನೂ ಬರ್ತೀನಿ," ಎಂದರು ಸಾಹೇಬರು. "ಮೊದಲನೇ ದಿನ ಮುಗಿಸಿಬಿಟ್ರೆ, ಉಳಿದ ಮೂರು ದಿನ ನೀವುಂಟು ನಿಮ್ಮ ಹಕ್ಕಿ ಉಂಟು."

ಮೂರು ದಿನ. ಅವನು ಮನಸ್ಸಿನಲ್ಲೇ ಆ ಮೂರನ್ನು ಎರಡೂ ಕೈಯಿಂದ ಹಿಡಿದುಕೊಂಡ.

*

ರಜೆಯ ಮೊದಲ ದಿನ ಬೆಳಗಿನ ಐದೂವರೆಗೆ ಕಚೇರಿಯ ಜೀಪು ಬಾಗಿಲಲ್ಲಿ ಹಾರ್ನು ಹೊಡೆಯಿತು. ಒಳಗೆ ಸಾಹೇಬರು, ಡ್ರೈವರ್ ಮತ್ತು ಜಾವಕದಕ್ಕ. ಹೊರಗೆ ಹೋಗುವ ಕಾಗದಗಳ ಮೇಜು ಜಾವಕದಕ್ಕನದು. ಇಪ್ಪತ್ತೆರಡು ವರ್ಷದಿಂದ ಅವಳ ಕಣ್ಣು ತಪ್ಪಿಸಿ ಒಂದು ಲಕೋಟೆ ಹೊರಗೆ ಹೋದದ್ದಿಲ್ಲ. ಅವನ ಕಂಕುಳಲ್ಲಿದ್ದ ದಿಂಬು ನೋಡಿ ಅವಳು ಹುಬ್ಬೇರಿಸಿದಳು.

"ಹಕ್ಕಿ ನೋಡೋರು ಮೊಣಕೈ ಕೆಳಗೆ ಇಟ್ಕೋತಾರೆ, ಅಕ್ಕಾ," ಎಂದ. "ದುರ್ಬೀನು ಅಲ್ಲಾಡಬಾರದಲ್ಲ."

"ಅನುಭವ ಅಂದ್ರೆ ಇದು," ಎಂದರು ಮುಂದಿನ ಸೀಟಿನಿಂದ ಸಾಹೇಬರು.

ದಿಂಬಿನ ಮೇಲೆ ತಲೆಯಿಟ್ಟು ದಾರಿಯುದ್ದ ಮಲಗುವ ಅವನ ಲೆಕ್ಕಾಚಾರ ಬೆಟ್ಟದ ರಸ್ತೆಯ ಮೊದಲ ತಿರುವಿನಲ್ಲೇ ಹಾಳಾಯಿತು. ಇಡೀ ದಾರಿ ಅವನ ತಲೆ ಜೀಪಿನ ಕಂಬಿಗೆ ಬಡಿಯುತ್ತ, ಯಾರೋ ಬಿಡುವಿಲ್ಲದೆ ಮೊಹರು ಒತ್ತುತ್ತಿರುವ ಹಾಗೆ ಸದ್ದು ಮಾಡಿತು.

ಬೆಟ್ಟದ ನೆತ್ತಿಯ ಬಯಲು ಕಣ್ಣು ಹರಿಯುವಷ್ಟು ದೂರ ಬೋಳಾಗಿತ್ತು. ಮರ ಅನ್ನುವುದು ಒಂದಿಲ್ಲ. ಮೊಣಕಾಲೆತ್ತರದ ಕಂದು ಹುಲ್ಲು, ನಡುವೆ ಕಾಲಿಟ್ಟರೆ ಪಚಕ್ಕೆನ್ನುವ ಜೌಗು, ಮೇಲೆ ಕಿವಿಯೊಳಗೆ ಬೆರಳು ಹಾಕಿ ತಿರುವುವಂಥ ಗಾಳಿ. ಬಯಲಿನ ಕಾವಲಿನಾಕೆ ಮೊಣಕಾಲುದ್ದದ ಬೂಟು ಹಾಕಿಕೊಂಡು ಕಾಯುತ್ತಿದ್ದಳು.

"ಆ ನಾಲ್ಕು ಬಿಳಿ ಕಲ್ಲಿನೊಳಗಿನ ಜಾಗ ನಿಮ್ದು," ಎಂದಳು. "ಗದ್ದಲ ಮಾಡ್ಬೇಡಿ. ಸುಮ್ಮನೆ ಓಡಾಡ್ಬೇಡಿ, ಇದು ಮೊಟ್ಟೆ ಇಡೋ ಕಾಲ. ಎಷ್ಟು ಹಕ್ಕಿ ಕಂಡ್ವು, ಬರ್ಕೊಳ್ಳಿ. ಐದು ಗಂಟೆಗೆ ಬರ್ತೀನಿ."

ಬರಿದೇ ಎಣಿಸುವುದು ಸಾಹೇಬರಿಗೆ ಒಗ್ಗಲಿಲ್ಲ. "ಬಂದದ್ದೇ ಮತ್ತೆ ಬಂದ್ರೆ? ಹೋದದ್ದನ್ನ ಇದೆ ಅಂತ ಬರೆದ್ರೆ? ನಾಳೆ ಆಡಿಟ್ ಬಂದ್ರೆ ಯಾರು ಉತ್ತರ ಕೊಡೋದು?" ಎಂದು ಎರಡು ದಪ್ಪ ರಿಜಿಸ್ಟರು ತೆಗೆದರು. "ಆವಕ, ಕಲ್ಲಿನೊಳಗೆ ಬಂದದ್ದು ನಿಮ್ಮದು. ಅಕ್ಕಾ, ಹೊರಗೆ ಹೋದದ್ದು ನಿಮ್ಮದು. ಸಾಯಂಕಾಲ ಎರಡೂ ತಾಳೆ ಆಗ್ಬೇಕು."

ಏಳೂಕಾಲಿಗೆ ಮೊದಲ ಹಕ್ಕಿ ಬಂತು.

"ಅದು ಯಾವ ಹಕ್ಕಿ?" ಸಾಹೇಬರು ಕೇಳಿದರು.

ಕಾಗೆ, ಗುಬ್ಬಿ, ಪಾರಿವಾಳ ಬಿಟ್ಟರೆ ಅವನಿಗೆ ನಾಲ್ಕನೆಯ ಹಕ್ಕಿ ಗೊತ್ತಿರಲಿಲ್ಲ. "ಸ್ಥಳೀಯ, ಸರ್."

"ಇದು?"

"ಇದು ಹೊರಗಿನದು, ಸರ್."

ವಿವರದ ಕಲಮಿನಲ್ಲಿ ಅವನು 'ಕಂದು, ಚಿಕ್ಕದು' ಎಂದು ಬರೆದ. ಮುಂದಿನದಕ್ಕೆ 'ಕಂದು, ಮಧ್ಯಮ.' ಆಮೇಲಿನದಕ್ಕೆ 'ಕಂದು, ಮೊದಲಿನದೇ ಇರಬಹುದು.'

"ದಾಖಲೆಯಲ್ಲಿ 'ಇರಬಹುದು' ಅನ್ನಬಾರದು ಕಣ್ರೀ," ಎಂದು ಸಾಹೇಬರು ತಿದ್ದಿದರು. "'ಮೇಲಿನಂತೆ' ಅಂತ ಬರೀರಿ."

ಒಂಬತ್ತಕ್ಕೆ ಹದಿನಾಲ್ಕು ಪುಟ್ಟ ಹಕ್ಕಿಗಳ ಹಿಂಡು ಒಟ್ಟಿಗೆ ಇಳಿಯಿತು. ಒಂದೊಂದಕ್ಕೂ ಬೇರೆ ನಂಬರೋ ಎಲ್ಲಕ್ಕೂ ಒಂದೋ ಎಂದು ಕಾಲು ಗಂಟೆ ಚರ್ಚೆಯಾಯಿತು. ಕೊನೆಗೆ ಒಂದೇ ನಂಬರು ಕೊಟ್ಟು, 'ಲಗತ್ತು: ಹದಿಮೂರು' ಎಂದು ಬರೆದರು. ಅಷ್ಟರಲ್ಲಿ ಹಿಂಡು ಎದ್ದು ಹೋಗುತ್ತಿತ್ತು. ಜಾವಕದಕ್ಕ ಲಗತ್ತುಗಳನ್ನು ಎಣಿಸಿಯೇ ಬಿಟ್ಟಳು.

ಹನ್ನೊಂದು ಇಪ್ಪತ್ತಕ್ಕೆ ಬಂದದ್ದು ಇಪ್ಪತ್ಮೂರನೆಯ ನಂಬರು. ಕೋಳಿಯ ಗಾತ್ರದ ಕಂದು ಹಕ್ಕಿ, ಉದ್ದ ಕಾಲು, ಕುಡುಗೋಲಿನ ಹಾಗೆ ಬಾಗಿದ ಉದ್ದ ಕೊಕ್ಕು. ತಗ್ಗಿನ ಹತ್ತಿರ ಇಳಿದು, ನಾಲ್ಕು ಹೆಜ್ಜೆ ನಡೆದು, ಹುಲ್ಲಿನೊಳಗೆ ಹೋಯಿತು. 'ಕಂದು, ಕೊಕ್ಕು ಬಾಗಿದೆ' ಎಂದು ಬರೆದು ಅವನು ಆಕಳಿಸಿದ.

ಒಂದು ಗಂಟೆಗೆ ಸಾಹೇಬರು ಕೈಗಡಿಯಾರ ನೋಡಿ ಡಬ್ಬಿ ಬಿಚ್ಚಿದರು. "ಒಂದರಿಂದ ಎರಡು ಊಟದ ವೇಳೆ. ಆವಕ ಬಂದ್."

"ಸರ್, ಈಗ ಹಕ್ಕಿ ಬಂದ್ರೆ?"

"ಊಟದ ಹೊತ್ತಲ್ಲಿ ಎಂದಾದ್ರೂ ಟಪಾಲು ತಗೊಂಡಿದ್ದೀವಾ?"

ಏಳು ವರ್ಷದಲ್ಲಿ ಸಾಹೇಬರ ಒಂದು ನಿಯಮ ಅವನಿಗೆ ಇಷ್ಟವಾದದ್ದು ಅದೇ ಮೊದಲು. "ಹತ್ತಿರದಿಂದ ನೋಡಿ ಬರ್ತೀನಿ," ಎಂದು ದಿಂಬು ಎತ್ತಿಕೊಂಡು, ಗಾಳಿ ತಾಕದ ಒಣಗಿದ ತಗ್ಗೊಂದನ್ನು ಹುಡುಕಿ, ಕವರು ಕಿತ್ತು ಜೇಬಿಗೆ ತುರುಕಿ, ತಲೆಯಿಟ್ಟ. ಹನ್ನೊಂದು ತಿಂಗಳಿಂದ ಬಾಗಿಲ ಹೊರಗೆ ಕಾಯುತ್ತಿದ್ದ ನಿದ್ದೆ ಬಾಗಿಲು ಮುರಿದುಕೊಂಡು ಬಂತು.

ದೂರದಿಂದ ಸಾಹೇಬರು ದುರ್ಬೀನಿನಲ್ಲಿ ನೋಡಿ ತಲೆದೂಗಿದರು. "ನೋಡಿ ಅಕ್ಕಾ, ಒಂದು ಗಂಟೆಯಿಂದ ಕೂದಲೂ ಅಲ್ಲಾಡಿಸಿಲ್ಲ. ಏಕಾಗ್ರತೆ ಅಂದ್ರೆ ಅದು! ಅದೇನು ಸದ್ದು?"

ಗಾಳಿಯಲ್ಲಿ ತೇಲಿ ಬಂದ ಗೊರಕೆಯನ್ನು ಜಾವಕದಕ್ಕ ಗುರುತಿಸಿದಳು. ಅವಳೂ ಎರಡು ಮಕ್ಕಳನ್ನು ಸಾಕಿದವಳು. "ಗಾಳಿ, ಸರ್," ಎಂದಳು.

ಎರಡು ಗಂಟೆಗೆ ಸಾಹೇಬರು ಕೂಗಿದಾಗ ಅವನು ದಿಂಬನ್ನು ಅಲ್ಲೇ ಬಿಟ್ಟು ಓಡಿ ಬಂದ. ಒಂದು ಗಂಟೆ ನಿದ್ದೆ ಸಿಕ್ಕಿತ್ತು ನಿಜ. ಆದರೆ ಅದು ಹಸಿದವನ ನಾಲಿಗೆಗೆ ಒಂದು ಬೆರಳು ಜೇನು ಸವರಿ ಡಬ್ಬಿ ಮುಚ್ಚಿದಂತಾಗಿತ್ತು. ಈಗ ಆ ಮೂರು ದಿನ ಅವನಿಗೆ ಬೇಕೇ ಬೇಕಾಗಿತ್ತು.

*

ನಾಲ್ಕು ಗಂಟೆಗೆ ರಿಜಿಸ್ಟರು ತಾಳೆ ನೋಡಿದರು. ಆವಕ ನಲವತ್ತೊಂದು, ಜಾವಕ ನಲವತ್ತು.

"ಇಪ್ಪತ್ಮೂರನೇ ನಂಬರು ಬಾಕಿ," ಎಂದಳು ಜಾವಕದಕ್ಕ. "ಬಂದಿದೆ, ಹೋಗಿಲ್ಲ."

ಸಾಹೇಬರ ಮುಖ ಕಪ್ಪಿಟ್ಟಿತು. "ಹದಿನಾರು ವರ್ಷದಲ್ಲಿ ಒಂದು ಬಾಕಿ ಇಟ್ಕೊಂಡು ನಾನು ರಿಜಿಸ್ಟರು ಮುಚ್ಚಿಲ್ಲ. ಕಾಯೋಣ. ಇವತ್ತು ಹೋಗದಿದ್ರೆ ನಾಳೆ ಬರೋಣ. ನಾಳೆ ಹೋಗದಿದ್ರೆ ನಾಡಿದ್ದು."

"ನಾಳೆನಾ?" ಎಂದ ಡ್ರೈವರ್. "ನಂಗೆ ಮನೆ ಮಠ ಇಲ್ವಾ? ತಡೀರಿ, ಅದನ್ನ ಈಗಲೇ ಕಳಿಸ್ತೀನಿ." ಯಾರೂ ತಡೆಯುವ ಮುನ್ನವೇ ಜೀಪಿಗೆ ಹಾರಿ ಹಾರ್ನಿನ ಮೇಲೆ ಅಂಗೈ ಊರಿದ.

ಹುಲ್ಲಿನಿಂದ ಮೂರು ಹಕ್ಕಿ ಭರ್ರನೆ ಎದ್ದು ಹೋದವು. ಮೂರೂ ಚಿಕ್ಕವು, ಮೂರರದ್ದೂ ನೆಟ್ಟಗಿನ ಕೊಕ್ಕು. ಜಾವಕದಕ್ಕ ನಿರ್ವಿಕಾರವಾಗಿ ಮೂರನ್ನೂ ಬರೆದುಕೊಂಡಳು.

"ಆವಕವೇ ಇಲ್ಲದೆ ಜಾವಕ ಹೇಗ್ರೀ?" ಸಾಹೇಬರು ಕಿರುಚಿದರು. "ಬಾರದೇ ಇದ್ದ ಹಕ್ಕಿ ಹೋಗೋದು ಹೇಗೆ?"

"ಊಟದ ಹೊತ್ತಲ್ಲಿ ಬಂದಿರ್ಬೇಕು, ಸರ್," ಎಂದ ಅವನು. ಒಂದು ಗಂಟೆಯ ನಿದ್ದೆ ಅವನ ಬುದ್ಧಿಯನ್ನು ಅಷ್ಟು ಹರಿತ ಮಾಡಿತ್ತು.

ಸಾಹೇಬರು ಒಪ್ಪಿದರು. ಮೂರು ಹಕ್ಕಿಗಳನ್ನು 'ಊಟದ ವೇಳೆಯಲ್ಲಿ ಸ್ವೀಕೃತ' ಎಂದು ಸೇರಿಸಿದ್ದಾಯಿತು. ಆದರೆ ಇಪ್ಪತ್ಮೂರು ಇಪ್ಪತ್ಮೂರಾಗಿಯೇ ಉಳಿಯಿತು. ಸಾಹೇಬರು ಮಡಿಚುವ ಕುರ್ಚಿ ಬಿಡಿಸಿ, ನಾಳೆಯವರೆಗೂ ಏಳುವುದಿಲ್ಲ ಅನ್ನುವವರ ಹಾಗೆ ಕೂತರು.

ಅವನು ಮೆಲ್ಲಗೆ ಜಾವಕದಕ್ಕನ ಪಕ್ಕಕ್ಕೆ ಸರಿದ.

"ಅಕ್ಕಾ, ಒಂದು ಸಾಲು ಬರೆದುಬಿಡಿ. ಹೋಯ್ತು ಅಂತ."

"ನಾನು ನೋಡಿಲ್ಲ, ತಮ್ಮಾ."

"ಹಕ್ಕಿ ಕಣಕ್ಕಾ. ಅದೇನು ಬಂದು ಸಾಕ್ಷಿ ಹೇಳುತ್ತಾ?"

"ಹಕ್ಕಿ ಆಗ್ಲಿ, ಲಕೋಟೆ ಆಗ್ಲಿ. ಕಣ್ಣಾರೆ ಕಾಣದೆ ನಾನು ಹೊರಗೆ ಬಿಟ್ಟೋಳಲ್ಲ."

"ಹನ್ನೊಂದು ತಿಂಗಳಾಯ್ತು, ಅಕ್ಕಾ. ಎರಡಕ್ಕೂ ಹಲ್ಲು ಬರ್ತಿದೆ. ಒಟ್ಟಿಗೆ ಬಂದ್ರೂ ಆಗ್ತಿತ್ತು, ಸರದಿ ಮೇಲೆ ಬರ್ತಿವೆ. ಮೊನ್ನೆ ಸ್ನಾನ ಮಾಡ್ತಾ ನಿಂತಲ್ಲೇ ನಿದ್ದೆ ಹೋಗಿ, ನೀರು ಮುಗಿದ ಮೇಲೆ ಎಚ್ಚರ ಆಯ್ತು. ಮೂರೇ ದಿನ ಕೇಳ್ತಿರೋದು."

ಜಾವಕದಕ್ಕ ಅವನ ಕಣ್ಣು ನೋಡಿದಳು. ಅವು ಕಚೇರಿಯ ಕೆಂಪು ಶಾಯಿಗಿಂತ ಕೆಂಪಗಿದ್ದವು. ಒಂದು ನಿಟ್ಟುಸಿರು ಬಿಟ್ಟು ಪೆನ್ನು ತೆಗೆದಳು. "ನೋಡಿದ್ದು ನೀವು ಅಂತ ಬರೀತೀನಿ. ಸಹಿ ನೀವೇ ಹಾಕ್ಬೇಕು. ಮಾಡಿದ್ದು ನೀವೇ ಉಣ್ಣಿ."

'4.10. ಈಶಾನ್ಯ ದಿಕ್ಕಿಗೆ ಹಾರಿತು. ಖುದ್ದಾಗಿ ನೋಡಿರುತ್ತೇನೆ.' ಅವನು ಸಹಿ ಹಾಕಿದ. ಸಾಹೇಬರು ಎದ್ದು ಕುಣಿಯುವುದೊಂದು ಬಾಕಿ. ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಮುಚ್ಚಿದರು.

ಐದಕ್ಕೆ ಇನ್ನೂ ಹೊತ್ತಿರುವಾಗಲೇ ಕಾವಲಿನಾಕೆ ಬಂದಳು. ರಿಜಿಸ್ಟರಿನ ಸಾಲುಗಳ ಮೇಲೆ ಬೆರಳಾಡಿಸುತ್ತ ಇಪ್ಪತ್ಮೂರರಲ್ಲಿ ನಿಂತಳು.

"ಬಾಗಿದ ಕೊಕ್ಕಾ? ಹನ್ನೊಂದು ಇಪ್ಪತ್ತಕ್ಕೆ ಇಳಿದದ್ದು ಇನ್ನೂ ಎದ್ದಿಲ್ವಾ?" ಅವಳ ದನಿ ಏರಿತು. ಜಾವಕದ ರಿಜಿಸ್ಟರು ನೋಡಿ ಇಳಿಯಿತು. "ಓ, ಹೋಗಿಬಿಡ್ತಾ. ಹೋಗದೆ ಕೂತಿದ್ರೆ ಗೂಡು ಅನ್ನಬಹುದಿತ್ತು. ಈ ಬಯಲಲ್ಲಿ ಅದು ಮೊಟ್ಟೆ ಇಟ್ಟು ಒಂಬತ್ತು ವರ್ಷ ಆಯ್ತು. ಪ್ರತಿ ವಸಂತದಲ್ಲೂ ಹುಡುಕ್ತೀನಿ. ಇರ್ಲಿ ಬಿಡಿ."

ಅವನ ಎದೆಯಲ್ಲಿ ಏನೋ ಚುರ್ರೆಂದಿತು. ಆದರೆ ನಿದ್ದೆಗೆಟ್ಟವನ ಆತ್ಮಸಾಕ್ಷಿಯೂ ತೂಕಡಿಸುತ್ತಲೇ ಇರುತ್ತದೆ. ಅದು ಒಂದು ಸಲ ಕಣ್ಣು ಬಿಟ್ಟು ಮತ್ತೆ ಮಗ್ಗಲು ಬದಲಾಯಿಸಿತು. ಅವನು ದಿಂಬು ತರಲು ಹೋದ.

ತಗ್ಗಿನಲ್ಲಿ ದಿಂಬು ಇದ್ದಲ್ಲೇ ಇತ್ತು. ಅದರಿಂದ ಒಂದು ಮೊಳ ಆಚೆ ಹುಲ್ಲಿನ ನಡುವೆ ಹುಲ್ಲಲ್ಲದ್ದೊಂದು ಇತ್ತು. ಅದಕ್ಕೆ ಕಣ್ಣಿತ್ತು. ಕುಡುಗೋಲಿನಂಥ ಕೊಕ್ಕಿತ್ತು.

ಇಪ್ಪತ್ಮೂರನೆಯ ನಂಬರು ಅವನನ್ನು ನೋಡಿತು. ಅವನು ಇಪ್ಪತ್ಮೂರನ್ನು ನೋಡಿದ. ಇಬ್ಬರೂ ಅಲ್ಲಾಡಲಿಲ್ಲ. ಅಲ್ಲಾಡದೆ ಇರುವುದರಲ್ಲೇ ಇಬ್ಬರಿಗೂ ಕ್ಷೇಮವಿತ್ತು. ಹಾಳಾಗಿ ಹೋಗಲಿ ದಿಂಬು ಎಂದುಕೊಂಡು, ಅವನು ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಬಂದು ಜೀಪು ಹತ್ತಿ ಕೂತ.

"ದಿಂಬೆಲ್ಲಿ?" ಎಂದಳು ಜಾವಕದಕ್ಕ.

"ಇರ್ಲಿ ಬಿಡಿ, ಅಕ್ಕಾ."

"ಇರ್ಲಿ ಬಿಡಿ ಅಂದ್ರೆ? ಹೊಸಾ ದಿಂಬು!"

"ಮನೇಲಿ ಇನ್ನೊಂದಿದೆ."

"ಅಯ್ಯೋ, ನಿದ್ದೆಗಣ್ಣಲ್ಲಿ ಏನು ಮಾತಾಡ್ತೀರೋ. ಪಾಪ, ಕಾಲೆಳೀತಾ ಬಂದಿದ್ದೀರಿ. ಕೂತಿರಿ, ನಾನೇ ತರ್ತೀನಿ."

ಲೋಕದಲ್ಲಿ ಕೆಟ್ಟವರಿಂದ ತಪ್ಪಿಸಿಕೊಳ್ಳಲು ದಾರಿಗಳಿವೆ, ಒಳ್ಳೆಯವರಿಂದ ಇಲ್ಲ. "ಅಕ್ಕಾ ಬೇಡ, ಅಕ್ಕಾ!" ಎಂದು ಅವನು ಇಳಿಯುವಷ್ಟರಲ್ಲಿ ಅವಳು ತಗ್ಗಿನ ಅಂಚಿನಲ್ಲಿದ್ದಳು. ಒಂದು ಕಿರುಚಾಟ. ಅದನ್ನು ಮೀರಿಸುವ ಇನ್ನೊಂದು ಉದ್ದನೆಯ ಕೂಗು. ಬಾಗಿದ ಕೊಕ್ಕಿನ ದೊಡ್ಡ ಕಂದು ಹಕ್ಕಿ ಎಲ್ಲರ ತಲೆಯ ಮೇಲೆ ಹಾದು ಹೋಯಿತು, ನೈಋತ್ಯ ದಿಕ್ಕಿಗೆ.

ಸಾಹೇಬರು ಮೊದಲು ಕೈಗಡಿಯಾರ ನೋಡಿದರು. "ನಾಲ್ಕು ಐವತ್ತೆರಡು." ಆಮೇಲೆ ಅವನನ್ನು ನೋಡಿದರು. "ಒಂದೇ ಹಕ್ಕಿ ಎರಡು ಸಲ ಹೇಗ್ರೀ ಹೋಯ್ತು?"

ಅವನು ಬಾಯಿ ತೆರೆದ. ಬಂದದ್ದು ಆಕಳಿಕೆ.

ಅಷ್ಟರಲ್ಲಿ ಕಾವಲಿನಾಕೆ ತಗ್ಗಿನೊಳಗೆ ಬಗ್ಗಿದ್ದಳು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ನಾಲ್ಕು ಮೊಟ್ಟೆ," ಎಂದಳು, ಯಾರಿಗೂ ಅಲ್ಲದ ಹಾಗೆ. ದಿಂಬಿಗೆ ಕೈ ಹಾಕಿದ ಜಾವಕದಕ್ಕನಿಗೆ ಗದರಿದಳು, "ಮುಟ್ಬೇಡಿ! ಅದು ಪಕ್ಕದಲ್ಲಿದ್ದೂ ಹಕ್ಕಿ ಕೂತಿತ್ತು ಅಂದ್ರೆ ಅದಕ್ಕೆ ಅಭ್ಯಾಸ ಆಗಿದೆ. ಈಗ ತೆಗೆದ್ರೆ ಬೆದರಿ ಗೂಡು ಬಿಟ್ಟುಹೋಗುತ್ತೆ. ಮರಿ ಆಗೋವರೆಗೂ ದಿಂಬು ಇಲ್ಲೇ ಇರ್ಲಿ." ಮತ್ತೆ ಹುಲ್ಲು ನೋಡಿ ಕೇಳಿದಳು, "ಇಲ್ಲಿ ಹುಲ್ಲು ಚಪ್ಪಟೆ ಆಗಿದೆ. ಯಾರು ಮಲಗಿದ್ರು?"

ಮೂರು ಬೆರಳು ಒಂದೇ ಕಡೆಗೆ ತಿರುಗಿದವು.

"ಎಷ್ಟು ಹೊತ್ತು?"

"ಒಂದು ಗಂಟೆ," ಎಂದಳು ಜಾವಕದಕ್ಕ. "ಗೊರಕೆ ಸಮೇತ."

"ಗೊರಕೆಗೂ ಎದ್ದಿಲ್ವಾ?" ಕಾವಲಿನಾಕೆ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. "ಹಾಗಾದ್ರೆ ಅದು ನಿಮ್ಮನ್ನ ಒಪ್ಕೊಂಡಿದೆ. ನರಿ, ಕಾಗೆ, ಮೊಟ್ಟೆ ಕಳ್ಳರು, ಎಲ್ಲಾ ಇದ್ದಾರೆ ಇಲ್ಲಿ. ಇಡೀ ಬಯಲಿಗೆ ನಾನೊಬ್ಬಳೇ. ಬೇರೆ ಯಾರು ಕೂತ್ರೂ ಹಕ್ಕಿ ಬೆದರುತ್ತೆ. ನೀವೇ ಕಾಯ್ಬೇಕು. ಇನ್ನು ನಾಲ್ಕು ವಾರ ಅಷ್ಟೇ."

"ನಾಲ್ಕು..." ಎಂದು ಅವನು ಬೆರಳು ಮಡಚತೊಡಗಿದ.

ಸಾಹೇಬರು ಆಗಲೇ ಜೀಪಿನ ಬಾನೆಟ್ಟಿನ ಮೇಲೆ ಫೈಲು ಹರಡಿದ್ದರು. "ಸುಳ್ಳು ಷರಾ ಬರೆದಿದ್ದಕ್ಕೆ ನಿಮಗೆ ಮೆಮೊ ಕೊಡ್ಬೇಕು. ಇಲ್ಲಾ ಇಂಥ ಕೆಲಸಕ್ಕೆ ರಜೆ ಕೊಡ್ಬೇಕು. ಯಾವುದು ಕೊಡ್ಲಿ?"

"ಮೆಮೊ, ಸರ್," ಎಂದ ಅವನು ತಕ್ಷಣ.

"ಸಂಕೋಚ ಬೇಡ, ರಜೆಯೇ ಕೊಡ್ತೀನಿ. ಅಕ್ಕಾ, ಇವರ ಲೆಕ್ಕದಲ್ಲಿ ಗಳಿಕೆ ರಜೆ ಎಷ್ಟಿದೆ?"

"ಇಪ್ಪತ್ತೆಂಟು, ಸರ್. ಒಂದೂ ತಗೊಂಡಿಲ್ಲ, ಪಾಪ."

"ನಾಲ್ಕು ವಾರ, ಇಪ್ಪತ್ತೆಂಟು ದಿನ! ಹೇಗೆ ತಾಳೆ ಆಯ್ತು ನೋಡಿ." ಸಾಹೇಬರಿಗೆ ಕಣ್ಣಲ್ಲಿ ನೀರು ಬರುವುದೊಂದು ಉಳಿದಿತ್ತು. "ಹೊಸ ಅರ್ಜಿಯೂ ಬೇಡ. ನಿಮ್ಮ ಹಳೇ ಅರ್ಜಿಯಲ್ಲೇ ಬರೆದಿದ್ದೀರಲ್ಲ, ಕಾರಣ: ಪಕ್ಷಿ ವೀಕ್ಷಣೆ." ಅಲ್ಲೇ ಸಹಿ ಹಾಕಿದರು. ಜಾವಕದಕ್ಕ ಜಾವಕದ ನಂಬರು ಹಾಕಿ ಆದೇಶವನ್ನು ಅವನ ಕೈಗಿತ್ತಳು. ಕೈ ಅಭ್ಯಾಸಬಲದಿಂದ ಅದರ ಮೂಲೆಯಲ್ಲಿ ತಾರೀಖು ಬರೆದು ಸ್ವೀಕರಿಸಿಬಿಟ್ಟಿತು.

"ಮನೆಯವರಿಗೆ ನಾನು ಹೇಳ್ತೀನಿ, ತಮ್ಮಾ," ಎಂದಳು ಜಾವಕದಕ್ಕ, ಅವನ ಮುಖ ನೋಡಲಾಗದೆ.

ನಾಲ್ಕು ದಿನ ಕಳೆದು ಮಕ್ಕಳನ್ನು ಎತ್ತಿಕೊಂಡು ಬರುವ ಹೆಂಡತಿ ಖಾಲಿ ಮಂಚ ನೋಡಿ ಏನನ್ನಬಹುದು ಎಂದು ಅವನು ಯೋಚಿಸಿದ. ಅವಳು ಅನ್ನುವುದು ಯಾವ ಅರ್ಜಿಯ ಯಾವ ಕಲಮಿನಲ್ಲೂ ಹಿಡಿಸುವಂಥದ್ದಾಗಿರುವುದಿಲ್ಲ.

ಜೀಪು ಹೋಯಿತು. ಡ್ರೈವರ್ ಹೊರಡುವಾಗ ಗೌರವಕ್ಕೆಂದು ಹಾರ್ನು ಹೊಡೆಯಲಿಲ್ಲ. ಕಾವಲಿನಾಕೆ ತಗ್ಗಿನಾಚೆ ಅವನಿಗೊಂದು ಕಂಬಳಿ, ಒಂದು ದುರ್ಬೀನು ಕೊಟ್ಟು, ಸಾಹೇಬರು ಬಿಟ್ಟುಹೋಗಿದ್ದ ಎರಡೂ ರಿಜಿಸ್ಟರನ್ನು ಮಡಿಲಿಗೆ ಹಾಕಿದಳು.

"ಹಕ್ಕಿ ಎದ್ದು ಹೋದಾಗ ಬರೀರಿ, ಬಂದಾಗ ಬರೀರಿ. ಒಳ್ಳೇ ಪದ್ಧತಿ ನಿಮ್ಮದು. ಸರದಿಗೆ ನಾನು ಆಗಾಗ ಬಂದು ದೂರದಿಂದಲೇ ನೋಡ್ಕೋತೀನಿ. ನಿಮ್ಮ ಪಾಳಿಯಲ್ಲಿ ಕಣ್ಣು ಮಾತ್ರ ಮುಚ್ಬೇಡಿ, ಆಯ್ತಾ?"

ಐದು ನಲವತ್ತಕ್ಕೆ ಹಕ್ಕಿ ಮರಳಿ ಬಂತು. ದೂರದಲ್ಲಿ ಇಳಿದು, ತಾನು ಇಲ್ಲಿಗೆ ಬಂದೇ ಇಲ್ಲ ಅನ್ನುವ ಹಾಗೆ ಅಡ್ಡಾದಿಡ್ಡಿ ನಡೆದು, ಗೂಡಿನ ಹತ್ತಿರ ನಿಂತು ಅವನನ್ನು ಒಮ್ಮೆ ನೋಡಿತು. ಅವನೇ ಎಂದು ಖಾತ್ರಿಯಾದ ಮೇಲೆ ಮೊಟ್ಟೆಗಳ ಮೇಲೆ ಕೂತು, ಮೈ ಅಲುಗಿಸಿ ಸರಿಮಾಡಿಕೊಂಡು, ಉದ್ದ ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿತು. ದಿಂಬು ಗಾಳಿ ತಡೆಯುತ್ತಿತ್ತು. ಎರಡೇ ನಿಮಿಷದಲ್ಲಿ ಅದರ ಕಣ್ಣು ಮುಚ್ಚಿತು.

ಅವನು ಆವಕದ ರಿಜಿಸ್ಟರು ತೆರೆದು ವೇಳೆ ಬರೆದ. ಷರಾ ಕಲಮಿನಲ್ಲಿ 'ನಿದ್ದೆ' ಎಂದು ಬರೆದ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತು, ಮುಂದೆ ಯಾರೂ ವಿವರಣೆ ಕೇಳದಿರಲೆಂದು, ಪಕ್ಕದಲ್ಲಿ ಕಂಸ ಹಾಕಿ 'ಹಕ್ಕಿಯದು' ಎಂದು ಸೇರಿಸಿದ.